ಬೊಗಸೆಯೊಳಗಿನ ಮೈಕು

ಕೇಳುಗರಿಗೆಲ್ಲ ನಮಸ್ಕಾರ.

ಬೆಳಗಾವಿಯಲ್ಲಿ ಗಣೇಶನ ಹಬ್ಬ ಬಂತೆಂದರೆ ಗಲ್ಲಿಗೊಂದು ಮಂಟಪ, ಮಂಟಪಕ್ಕೊಂದು ಮೈಕ್‌ಸೆಟ್. ಅಲ್ಲಿ ಮೊದಲ ಸಲ ಮೌತ್ ಆರ್ಗನ್ ನುಡಿಸುವವರ ಪಜೀತಿ ಹೆಚ್ಚುಕಡಿಮೆ ಒಂದೇ ನಮೂನೆಯದು. ಮನೆಯಲ್ಲಿ ತುಂಬಿ ಬರುತ್ತಿದ್ದ ನಾದ ಸ್ಪೀಕರಿನಲ್ಲಿ ಜಾತ್ರೆಯ ಪೀಪಿಯಂತೆ ತೆಳ್ಳಗಾಗುತ್ತದೆ. ಸ್ವಲ್ಪ ಜೋರು ಮಾಡಿ ಎಂದರೆ ಕುಂಯ್ ಎಂದು ಚೀರುತ್ತದೆ. ಮರುದಿನವೇ ಹೊಸ ಮೈಕಿನ ಮಾತು ಶುರು. ಆದರೆ ಈ ತೊಂದರೆಯಲ್ಲಿ ಅರ್ಧ ಪಾಲು ಮೈಕಿನದಲ್ಲ, ಕೈಯದು. ಆದ್ದರಿಂದ ಮೊದಲು ಕೈಯ ವಿಚಾರ.

ಈಗ ಕೂತಲ್ಲಿಯೇ 'ಈ' ಎಂದು ಉದ್ದಕ್ಕೆ ದನಿ ಎಳೆಯಿರಿ. ಎಳೆಯುತ್ತಲೇ ಎರಡೂ ಕೈಗಳ ಬೊಗಸೆಯಿಂದ ಬಾಯಿ ಮುಚ್ಚಿ, ತೆರೆಯಿರಿ, ಮತ್ತೆ ಮುಚ್ಚಿ. ಮುಚ್ಚಿದಾಗ ದನಿಯ ಚೂಪು ಸತ್ತು ದುಂಡಗಾಯಿತಲ್ಲ? ಆ ಮುಚ್ಚಿದ ಬೊಗಸೆಯೊಳಗೆ ಮೈಕನ್ನೂ ಸೇರಿಸಿದರೆ ಚಿಕ್ಕ ಜಾಗದಲ್ಲಿ ಗಾಳಿಯ ಒತ್ತಡ ಏರುತ್ತದೆ, ಮಂದ್ರದ ಸ್ವರಗಳು ಉಬ್ಬುತ್ತವೆ, ಮೈಕಿಗೂ ಆಂಪ್ಲಿಫೈಯರಿಗೂ ತುಸು ಹೊರೆಯಾಗಿ ನಾದಕ್ಕೊಂದು ಗೊಗ್ಗರು ಬರುತ್ತದೆ. 1950ರ ದಶಕದಲ್ಲಿ ಶಿಕಾಗೋದ ಮೌತ್ ಆರ್ಗನ್ ವಾದಕ ಲಿಟಲ್ ವಾಲ್ಟರ್ ಮೊದಲಾದವರು ಹೆಸರು ಮಾಡಿದ್ದು ಈ ಗೊಗ್ಗರಿನಿಂದಲೇ. ಅವರ ಕೈಯಲ್ಲಿದ್ದವು ಹಾಡಿನ ಮೈಕುಗಳಲ್ಲ, ಬರೀ ಮಾತಿಗೆಂದು ಮಾಡಿದ ಅಗ್ಗದ ಮೈಕುಗಳು.

ಹಿಡಿಯುವ ಬಗೆ ಹೀಗೆ. ಮೌತ್ ಆರ್ಗನ್ ಎಡಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಇರಲಿ. ಮೈಕಿನ ತಲೆ ಅದರ ಬೆನ್ನಿಗೆ. ಎರಡರ ನಡುವೆ ಒಂದು ಬೆರಳಿನಷ್ಟು ಸಂದು ಬಿಡಿ, ಇಲ್ಲದಿದ್ದರೆ ಲೋಹಕ್ಕೆ ಲೋಹ ತಾಗಿ ಟಕಟಕ ಸದ್ದು ಬರುತ್ತದೆ. ಉಂಗುರವಿದ್ದರೆ ತೆಗೆದಿಡಿ. ಬಲಗೈ ಸುತ್ತುವರಿದು ಸಂದುಗಳನ್ನೆಲ್ಲ ಮುಚ್ಚಬೇಕು. ಕಿರುಬೆರಳ ಕೆಳಗೆ ಸಾಮಾನ್ಯವಾಗಿ ಒಂದು ಕಿಂಡಿ ಉಳಿಯುತ್ತದೆ. ನಾದ ಸೋರುವುದು ಅಲ್ಲಿಂದಲೇ.

ಇದು ಸುಮಾರು 10 ಸೆಂಟಿಮೀಟರ್ ಉದ್ದದ, 10 ತೂತಿನ ಡಯಾಟೋನಿಕ್ ವಾದ್ಯಕ್ಕೆ ಸಲ್ಲುವ ಮಾತು. ನಮ್ಮ ಕಡೆ ಚಿತ್ರಗೀತೆ ನುಡಿಸುವವರ ಬಳಿ ಹೆಚ್ಚಾಗಿ 24 ತೂತಿನ ಟ್ರೆಮೊಲೊ ಇರುತ್ತದೆ. ಆ ಉದ್ದದ ವಾದ್ಯ ಬೊಗಸೆಯಲ್ಲಿ ಹಿಡಿಸುವುದಿಲ್ಲ. ಅದನ್ನು ನುಡಿಸುವವರು ಮೈಕನ್ನು ಸ್ಟ್ಯಾಂಡಿಗೆ ಹಾಕಿ, 10-15 ಸೆಂಟಿಮೀಟರ್ ದೂರದಿಂದ ನುಡಿಸುವುದೇ ಸರಿ. ಗುಂಡಿ ಒತ್ತುವ ಕ್ರೋಮ್ಯಾಟಿಕ್ ಇದ್ದವರಿಗೆ ಬಲ ತೋರುಬೆರಳು ಗುಂಡಿಗೇ ಬೇಕು, ಬೊಗಸೆ ಅರ್ಧಂಬರ್ಧವೇ ಆಗುತ್ತದೆ.

ಇನ್ನು ಯಾವ ಮೈಕು? ಅದಕ್ಕೂ ಮುಂಚೆ, ವೈರಿನ ಆ ತುದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಮಂಗಲ ಕಾರ್ಯಾಲಯ, ಶಾಲೆಯ ಸ್ನೇಹ ಸಮ್ಮೇಳನ, ಗಣಪತಿ ಮಂಟಪ, ಎಲ್ಲೇ ಹೋದರೂ ನಿಮಗೆ ಸಿಗುವುದು ಮೈಕ್‌ಸೆಟ್‌ನವರ ಮಿಕ್ಸರು. ಅದರ ಮೈಕ್ ತೂತಿನ ಪ್ರತಿರೋಧ ಒಂದೆರಡು ಸಾವಿರ ಓಮ್ ಇರುತ್ತದೆ. ಹಾಡುಗಾರರ ಡೈನಾಮಿಕ್ ಮೈಕಿನದು, ಅಂದರೆ ಒಳಗೆ ಆಯಸ್ಕಾಂತ, ತಂತಿಸುರುಳಿ ಇರುವ ಮೈಕಿನದು, ಕೆಲವು ನೂರು ಓಮ್. ಇವೆರಡಕ್ಕೆ ಜೋಡಿ ಸರಿ. ಗಿಟಾರ್ ಆಂಪ್ಲಿಫೈಯರಿನದು ಸುಮಾರು 10 ಲಕ್ಷ ಓಮ್. ಹಳೆಯ ಹರಳಿನ ಮೈಕಿಗೆ ಬೇಕಾದದ್ದು ಅಂಥದ್ದೇ, ಕೆಲವಕ್ಕೆ ಅದಕ್ಕೂ ಹೆಚ್ಚು. ಅದನ್ನು ನೇರ ಮಿಕ್ಸರಿಗೆ ಸಿಗಿಸಿದರೆ ಮಂದ್ರವೆಲ್ಲ ಅಲ್ಲೇ ಸತ್ತು ತಗಡಿನ ಸದ್ದು ಉಳಿಯುತ್ತದೆ. ತುಟ್ಟಿ ಮೈಕು ತಂದವರು 'ಇದಕ್ಕಿಂತ ಹಳೆಯದೇ ಭೇಷಿತ್ತು' ಎನ್ನುವುದರ ಗುಟ್ಟು ಇಷ್ಟೆ.

ಬುಲೆಟ್ ಎನ್ನುವ ದುಂಡು ಮೈಕಿನ ಚಿತ್ರ ನೋಡಿ ಮನಸೋಲುವವರು ಬಹಳ. ಶೂರ್ ಕಂಪನಿಯ ಗ್ರೀನ್ ಬುಲೆಟ್ 1949ರಲ್ಲಿ ಬಂತು. ಈಗಿನ 520ಡಿಎಕ್ಸ್ ಮಾದರಿಗೆ ಮೈಯಲ್ಲೇ ದನಿ ಏರಿಸಿ ಇಳಿಸುವ ಗುಂಡಿ ಇದೆ, ಅದೊಂದು ನಿಜಕ್ಕೂ ಉಪಯೋಗದ್ದು. ಆದರೆ ಅದು ಗಿಟಾರ್ ಆಂಪ್ಲಿಫೈಯರಿಗೆ ಮಾಡಿದ ಮೈಕು, ಕೈಗೆ ಭಾರ, ಬೊಗಸೆಗೆ ದಪ್ಪ. ಅಸ್ಟಾಟಿಕ್ ಜೆಟಿ-30 ರೀತಿಯ ಹಳೆಯ ಹರಳಿನ ಮೈಕುಗಳ ಕಥೆ ಇನ್ನೂ ನಾಜೂಕು. ಒಳಗಿರುವುದು ರೋಶೆಲ್ ಉಪ್ಪಿನ ಹರಳು. ತೇವಕ್ಕೆ ಕರಗುತ್ತದೆ, 55 ಡಿಗ್ರಿ ಶಾಖಕ್ಕೆ ಕೆಡುತ್ತದೆ. ಬೆಳಗಾವಿಯ ಮಳೆಗಾಲದ ಥಂಡಿ ಅದಕ್ಕೆ ಆಗದು. ಮೇ ತಿಂಗಳಲ್ಲಿ ವಿಜಯಪುರದ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮರೆತರಂತೂ ಸಂಜೆಗೆ ಮೈಕು ಮೂಕ. ಮೊದಲ ಮೈಕಾಗಿ ಇವೆರಡೂ ಬೇಡ.

ಮೊದಲ ಮೈಕು ಹಾಡುಗಾರರು ಹಿಡಿಯುವ ಸಾದಾ ಡೈನಾಮಿಕ್ ಕಾರ್ಡಿಯಾಯ್ಡ್, ಅಂದರೆ ಮುಂದಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಮೈಕು, ಆಗಿರಲಿ. 1966ರಿಂದ ಬರುತ್ತಿರುವ ಶೂರ್ ಎಸ್ಎಂ58 ಇದಕ್ಕೆ ಮಾದರಿ. ಅದರ ಗುಂಡು ತಲೆ 5 ಸೆಂಟಿಮೀಟರ್ ಅಗಲ. ಬೆರಳು ಗಿಡ್ಡವಿದ್ದವರಿಗೆ ಕಿರಿದಾದ ಮೂತಿಯ ಎಸ್ಎಂ57 ಚೆನ್ನಾಗಿ ಹಿಡಿಸುತ್ತದೆ. ಅಷ್ಟು ಹಣವಿಲ್ಲವೇ, ಗುಡಿ ಗುಂಡಾರಗಳಲ್ಲಿ ಕಾಣುವ ಅಹುಜಾದಂಥ ದೇಶಿ ಡೈನಾಮಿಕ್ ಮೈಕೂ ನಡೆಯುತ್ತದೆ, ವೈರು ಬಿಚ್ಚಿ ಹಾಕುವಂತಿದ್ದರೆ ಸಾಕು. ವೈರು ಒಳಗೇ ಬೆಸೆದ ಮೈಕು ಬುಡದಲ್ಲಿ ತುಂಡಾದ ದಿನ ಕೆಲಸ ಮುಗಿಯಿತು. ಆನ್-ಆಫ್ ಸ್ವಿಚ್ ಇಲ್ಲದ್ದು ಉತ್ತಮ, ಬೊಗಸೆಯ ಒತ್ತಿಗೆ ಹಾಡಿನ ನಡುವೆ ಅದು ಸರಿದುಬಿಡುತ್ತದೆ. ಇದ್ದರೆ ಮೇಲೊಂದು ಸುತ್ತು ಟೇಪು ಹಚ್ಚಿ. 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕು ಬೊಗಸೆಗೆ ಹೇಳಿದ್ದಲ್ಲ, ಉಸಿರಿನ ತೇವವನ್ನೂ ಒತ್ತಡವನ್ನೂ ಅದು ಸಹಿಸದು.

ಎಸ್ಎಂ58ರ ನಕಲಿಗಳು ಪೇಟೆಯಲ್ಲಿ ಧಾರಾಳ. ಅಸಲಿ ಮೈಕು ವೈರಿಲ್ಲದೆ 298 ಗ್ರಾಂ ತೂಗುತ್ತದೆ. ಕಿರಾಣಿ ಅಂಗಡಿಯ ತಕ್ಕಡಿ ಸಾಕು. 250 ತೋರಿಸಿದರೆ ಹಿಂದಕ್ಕೆ ಕೊಟ್ಟುಬಿಡಿ.

ಮುಂದೆ ಗಿಟಾರ್ ಆಂಪ್ಲಿಫೈಯರ್ ಸಿಕ್ಕರೂ ಈ ಮೈಕು ವ್ಯರ್ಥವಾಗದು. ಮೈಕಿನ ಕಡಿಮೆ ಓಮನ್ನು ಆಂಪ್ಲಿಫೈಯರಿಗೆ ಹೊಂದಿಸಲು ಒಂದು ಗೇಣೂ ಇಲ್ಲದ ಕೊಳವೆಯಾಕಾರದ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಒಂದು ತುದಿಗೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇನ್ನೊಂದಕ್ಕೆ ಅಂಗಡಿಯವರು ಪಿ-38 ಎನ್ನುವ ಕಾಲಿಂಚಿನ ಪಿನ್. ಅದನ್ನು ಮೈಕಿನ ಬುಡಕ್ಕಲ್ಲ, ಆಂಪ್ಲಿಫೈಯರಿನ ಹತ್ತಿರವೇ ಹಾಕಿ. ಅದನ್ನು ದಾಟಿದ ಮೇಲೆ ವೈರು ಉದ್ದವಾದರೆ ತಾರಕ ಕುಗ್ಗುತ್ತದೆ, ಗುಂಯ್ ಎನ್ನುವ ಕರೆಂಟಿನ ಸದ್ದು ಸೇರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ, ಸಾದಾ ವೈರನ್ನು ಟ್ರಾಲಿ ಸ್ಪೀಕರಿಗೆ ಬೆಸೆಸುವುದಾದರೆ ಎಕ್ಸ್‌ಎಲ್‌ಆರ್‌ನ ಎರಡನೇ ಪಿನ್ ಪಿ-38ರ ತುದಿಗೆ, ಒಂದು ಮತ್ತು ಮೂರು ಎರಡೂ ಸೇರಿ ಅದರ ಬುಡಕ್ಕೆ.

ಈಗ ಆ ಕುಂಯ್ ಎನ್ನುವ ಚೀರಾಟ. ಕಾರ್ಡಿಯಾಯ್ಡ್ ಮೈಕು ಮುಂದಿನ ದನಿ ಹಿಡಿದು ಹಿಂದಿನದನ್ನು ಬಿಡುವುದು ತಲೆಯ ಹಿಂಭಾಗದ ಸಂದುಗಳ ದೆಸೆಯಿಂದ. ಬೊಗಸೆ ಆ ಸಂದುಗಳನ್ನೂ ಮುಚ್ಚುತ್ತದೆ, ಮೈಕು ಎಲ್ಲ ದಿಕ್ಕಿಗೂ ಕಿವಿಯಾಗುತ್ತದೆ. ಹಾಡುಗಾರನಿಗೆ ತನ್ನ ದನಿ ಕೇಳಲೆಂದು ವೇದಿಕೆಯ ಮೇಲೆ ಇಟ್ಟ ಸ್ಪೀಕರು, ಅಂದರೆ ಮಾನಿಟರ್, ಅಷ್ಟೇ ದನಿಯಲ್ಲಿ ನಿಮಗೆ ಚೀರುವುದು ಅದಕ್ಕೇ. ಮಾನಿಟರಿನ ದನಿ ಇಳಿಸಿಕೊಳ್ಳಿ, ಸ್ಪೀಕರಿನ ಎದುರು ನಿಲ್ಲಬೇಡಿ, ನುಡಿಸದೆ ಇರುವಾಗ ಬೊಗಸೆ ತೆರೆದು ಮೈಕನ್ನು ಎದೆಗೆ ಒರಗಿಸಿ.

ಮೈಕ್‌ಸೆಟ್‌ನವರು 'ಹಲೋ, ಹಲೋ' ಎಂದು ಗೇನ್, ಅಂದರೆ ಮೈಕಿನ ದನಿಯನ್ನು ಮಿಕ್ಸರು ಎಷ್ಟು ಹಿಗ್ಗಿಸಬೇಕೆನ್ನುವುದನ್ನು, ಹೊಂದಿಸಿ ಕೈ ತೊಳೆದುಕೊಳ್ಳುತ್ತಾರೆ. ನಿಮ್ಮ ಬೊಗಸೆಯ ದನಿ ಆ ಹಲೋಗಿಂತ ಎಷ್ಟೋ ಜೋರು. ಮೊದಲ ಸ್ವರಕ್ಕೇ ಕೆಂಪು ದೀಪ ಹತ್ತಿ ನಾದ ಹರಿದುಹೋಗುತ್ತದೆ. ಆದ್ದರಿಂದ 'ಅಣ್ಣಾ, ಒಂದ್ ನಿಮಿಷ' ಎಂದು ಕೇಳಿಕೊಂಡು, ಬೊಗಸೆ ಪೂರ್ತಿ ಮುಚ್ಚಿ, ಎರಡು ತೂತು ಕೂಡಿಸಿ ನಿಮ್ಮ ಅತಿ ಜೋರಿನ ಉಸಿರಿನಲ್ಲಿ ನುಡಿಸಿ. ಗೇನ್ ಆಗ ಹೊಂದಿಸಲಿ. ಟ್ರೆಬಲ್ ಗುಂಡಿ ಗಡಿಯಾರದ 10 ಗಂಟೆಯ ಕಡೆಗೆ ಇಳಿಯಲಿ. ಎಕೋ ಬಹಳ ಕಡಿಮೆ. ನಮ್ಮ ಮಂಟಪಗಳಲ್ಲಿ ಎಕೋದ ಚಟ ವಿಪರೀತ, ಅದರಲ್ಲಿ ಮೌತ್ ಆರ್ಗನ್ನಿನ ಸ್ವರಗಳು ಅಂಬಲಿಯಾಗುತ್ತವೆ. ಆಮೇಲೆ ದನಿ ನಿಧಾನ ಏರಿಸುತ್ತ ಹೋಗಿ, ಚೀರುವ ಸುಳಿವು ಸಿಕ್ಕಲ್ಲಿಂದ ಒಂದು ಗೆರೆ ಕೆಳಕ್ಕೆ ತಂದು ನಿಲ್ಲಿಸಿ.

ಕುಂದಾ ತಿಂದ ಬಾಯಲ್ಲಿ ನುಡಿಸಬೇಡಿ, ಬಾಯಿ ಮುಕ್ಕಳಿಸಿಕೊಳ್ಳಿ. ಸಕ್ಕರೆಯ ಅಂಟು ವಾದ್ಯದೊಳಗೆ ಕಂಪಿಸುವ ಲೋಹದ ಪಟ್ಟಿಗೂ, ಅಂದರೆ ರೀಡಿಗೂ, ಹತ್ತುತ್ತದೆ, ಮೈಕಿನ ಜಾಳಿಗೆಗೂ ಹತ್ತುತ್ತದೆ. ಎಸ್ಎಂ58ರ ಗುಂಡು ತಲೆಯನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿ ಬರುತ್ತದೆ. ಒಳಗಿನ ಸ್ಪಂಜಿನ ಸಮೇತ ಅದನ್ನು ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ ತೊಳೆಯಿರಿ. ಮೈಕಿನ ಉಳಿದ ಭಾಗಕ್ಕೆ ಒಂದು ಹನಿಯೂ ತಾಗಬಾರದು. ಸ್ಪಂಜು ಪೂರ್ತಿ ಒಣಗಿದ ಮೇಲೆಯೇ ಕೂಡಿಸಿ. ಶ್ರಾವಣದ ಜಡಿಮಳೆಯಲ್ಲಿ ಅದಕ್ಕೆ ಎರಡು ದಿನ ಹಿಡಿದೀತು, ಹಬ್ಬದ ಹಿಂದಿನ ರಾತ್ರಿ ಮಾತ್ರ ತೊಳೆಯಲು ಹೋಗಬೇಡಿ.

ನಮಸ್ಕಾರ.