ಕವಚ ತೊಡದವರ ಕಾವಲು

ಕೇಳುಗರೇ, ನಮಸ್ಕಾರ.

ರೋಲ್ ಪ್ಲೇಯಿಂಗ್ ವಿಡಿಯೋ ಗೇಮ್, ಅಂದರೆ ಒಂದು ಪಾತ್ರವನ್ನು ಆರಿಸಿ ಬೆಳೆಸುತ್ತಾ ಹೋಗುವ ಆಟ, ಆಡುವವರಿಗೆ ಇದು ಗೊತ್ತಿರುತ್ತದೆ. ಮೈತುಂಬ ಉಕ್ಕು ತೊಟ್ಟ ಯೋಧ ಏಟಿನ ಮೇಲೆ ಏಟು ತಿಂದರೂ ನಿಂತಿರುತ್ತಾನೆ. ಬರೀ ಬಟ್ಟೆ ಉಟ್ಟ ಮಂತ್ರವಾದಿ ಬೇಗ ಉರುಳಿಬೀಳುತ್ತಾನೆ. ಹಾಗಾದರೆ ಕವಚ ಇಲ್ಲದ ಪಾತ್ರವನ್ನು ಯಾರು ತಾನೇ ಆರಿಸಿಕೊಳ್ಳುತ್ತಾರೆ? ಗೇಮ್ ಕಟ್ಟುವವರು ಅವರಿಗೆ ಬೇರೆಯದೇ ಕಾವಲು ಕೊಡಬೇಕು.

2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ನೋಡಿ. ಅಲ್ಲಿ ಪ್ರತಿ ಪಾತ್ರಕ್ಕೂ ಆರ್ಮರ್ ಕ್ಲಾಸ್ ಅಂತ ಒಂದು ಅಂಕೆ ಇದೆ. ಎದುರಾಳಿ 20 ಮುಖದ ದಾಳ ಉರುಳಿಸಿ, ತನ್ನ ಬಲ ಕೂಡಿಸಿ, ಆ ಅಂಕೆ ಮುಟ್ಟಿದರೆ ಏಟು ಬಿತ್ತು ಅಂತ. ಸಾಮಾನ್ಯ ಪ್ಲೇಟ್ ಕವಚಕ್ಕೆ 18. ಕವಚ ಇಲ್ಲದವರಿಗೆ 10, ಅದಕ್ಕೆ ಮೈಚುರುಕಿನ ಅಂಕ. ಮಾಂಕ್ ಅನ್ನುವ ಸನ್ಯಾಸಿ ಯೋಧನಿಗೆ ಇದರ ಮೇಲೆ ವಿವೇಕದ ಅಂಕ ಸೇರುತ್ತದೆ, ಬಾರ್ಬೇರಿಯನ್ ಅನ್ನುವ ಒರಟು ಯೋಧನಿಗೆ ಮೈಗಟ್ಟಿತನದ ಅಂಕ. ಗುರಾಣಿ ಹಿಡಿದರೆ ಮಾಂಕ್‌ಗೆ ಆ ಲಾಭ ಹೋಯಿತು. ಬಾರ್ಬೇರಿಯನ್ ಹಿಡಿಯಬಹುದು.

ನನಗೆ ಇನ್ನೂ ಜಾಸ್ತಿ ಇಷ್ಟವಾಗುವುದು ಇದೇ ಆಟದಲ್ಲಿ ಮಂತ್ರವಾದಿ ಹಾಕುವ ಶೀಲ್ಡ್ ಮಂತ್ರ. ಏಟು ಇನ್ನೇನು ತಾಗಬೇಕು, ಆಗ ಹಾಕಿದರೆ ತನ್ನ ಮುಂದಿನ ಸರದಿಯವರೆಗೆ 5 ಅಂಕ ಜಾಸ್ತಿ. 14 ಇದ್ದದ್ದು 19 ಆಗುತ್ತದೆ, ಪ್ಲೇಟ್ ಕವಚವನ್ನೂ ಮೀರಿಸುತ್ತದೆ. ಆದರೆ ಒಂದು ಸ್ಪೆಲ್ ಸ್ಲಾಟ್ ಖರ್ಚು, ಅಂದರೆ ಎಣಿಸಿ ಕೊಟ್ಟಷ್ಟೇ ಇರುವ ಮಂತ್ರ ಹಾಕುವ ಅವಕಾಶಗಳಲ್ಲಿ ಒಂದು ಹೋಯಿತು. ಈಗಲೇ ಬಳಸಲಾ, ದೊಡ್ಡ ಏಟಿಗೆ ಉಳಿಸಿಕೊಳ್ಳಲಾ? ಕವಚ ಸುಮ್ನೆ ತಾನಾಗಿ ಕಾಯುತ್ತದೆ. ಇಲ್ಲಿ ಕಾಯುವವರು ಆಟಗಾರರೇ, ಅಲ್ವಾ?

ಬರೀ ಅಂಕೆ ನಂಬಿದರೆ ಏನಾಗುತ್ತದೆ ಅನ್ನುವುದಕ್ಕೆ 2002ರ ಮಾರೋವಿಂಡ್ ಇದೆ. ಅದರಲ್ಲಿ ಅನ್‌ಆರ್ಮರ್ಡ್, ಅಂದರೆ ಕವಚವಿಲ್ಲದೆ ಕಾದುಕೊಳ್ಳುವ ಕೌಶಲವೇ ಇತ್ತು. 100ಕ್ಕೆ ಏರಿಸಿದರೆ 65 ರಕ್ಷಣೆ. 50ಕ್ಕೆ ನಿಂತರೆ ಸುಮಾರು 16 ಅಷ್ಟೇ, ಏಕೆಂದರೆ ಕೌಶಲದ ಅಂಕೆಯನ್ನು ಅದರಿಂದಲೇ ಗುಣಿಸಿ ಲೆಕ್ಕ ನಡೆಯುತ್ತದೆ. ಅಂದರೆ ಪಾತ್ರ ಎಳೆಯದಾಗಿ, ಕಾವಲು ತೀರಾ ಬೇಕಾದಾಗಲೇ ಕಾವಲಿಲ್ಲ. ಜೊತೆಗೊಂದು ದೋಷ: ಮೈಮೇಲೆ ಕವಚದ ಒಂದು ತುಂಡೂ ಇಲ್ಲದಿದ್ದರೆ ಆಟ ಈ ಕೌಶಲವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ! ಒಂದು ಕೈಗವಸಾದರೂ ಹಾಕಿಕೊಳ್ಳಬೇಕು. ಅದೇ ಸರಣಿಯ ಮುಂದಿನ ಆಟ, 2006ರ ಆಬ್ಲಿವಿಯನ್‌ನಲ್ಲಿ ಆ ಕೌಶಲವನ್ನೇ ಕೈಬಿಟ್ಟರು. ಇದು ನನಗೆ ಬೇಜಾರಿನ ಸಂಗತಿ. ತಿದ್ದಿ ಉಳಿಸಿಕೊಳ್ಳಬೇಕಿತ್ತು.

2011ರ ಡಾರ್ಕ್ ಸೋಲ್ಸ್ ಬರೀ ಅಂಕೆಯನ್ನೇ ನಂಬದೆ ಬೇರೆ ದಾರಿ ಹಿಡಿಯಿತು. ಹೊರಬಲ್ಲ ಭಾರದ ಕಾಲು ಭಾಗದೊಳಗೆ ಇದ್ದರೆ ಪಾತ್ರ ಏಟು ತಪ್ಪಿಸಿಕೊಳ್ಳಲು ಚುರುಕಾಗಿ ಉರುಳುತ್ತದೆ. ಉರುಳುವಾಗ ಕ್ಷಣಕಾಲ ಯಾವ ಕತ್ತಿಯೂ ತಾಗದು. ಉರುಳುವ ಸಮಯ ತಪ್ಪಿತೋ, ಮುಗಿಯಿತು. ಹಾಗಿದ್ದೂ ಕವಚದ ಚೂರೂ ತೊಡದೆ ಇಡೀ ಆಟ ಗೆದ್ದವರಿದ್ದಾರೆ.

ನಮಸ್ಕಾರ.