ಮೇಜು ಬಡಿದವರು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಂದು ಸಿನಿಮಾದ ಬಗ್ಗೆ ಮಾತಾಡೋಣ. ಹೆಸರು ‘ಮ್ಯಾಜಿಕ್ ಇನ್ ದ ಮೂನ್‌ಲೈಟ್’. 2014ರಲ್ಲಿ ಬಂದದ್ದು. ವುಡಿ ಅಲೆನ್ ಬರೆದು ನಿರ್ದೇಶಿಸಿದ ಇಂಗ್ಲಿಷ್ ಚಿತ್ರ, ನಗಿಸುವ ಪ್ರೇಮಕಥೆ. ಕಥೆ ನಡೆಯುವ ಕಾಲ 1928. ಜಾಗ ಫ್ರಾನ್ಸಿನ ದಕ್ಷಿಣ ಕರಾವಳಿ. ನೀಲಿ ಸಮುದ್ರ, ದೊಡ್ಡ ಬಂಗಲೆ, ತೆರೆದ ಕಾರು, ಕೆಲಸವಿಲ್ಲದೆ ಸುಮ್ನೆ ಓಡಾಡಿಕೊಂಡಿರುವ ಶ್ರೀಮಂತರು. ಅದಕ್ಕೂ ನಮ್ಮ ಚಿತ್ರದುರ್ಗದ ಬಿಸಿಲಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಇದೆ. ಸ್ವಲ್ಪ ತಡೆಯಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಕ್ಕೆ ಬರುತ್ತೇನೆ.

ಮೊದಲು ಕಥೆ. ಗುಟ್ಟು ಬಿಟ್ಟುಕೊಡದೆ ಈ ಚಿತ್ರದ ಬಗ್ಗೆ ಮಾತಾಡಲು ಆಗುವುದಿಲ್ಲ. ಬಂದು ಹತ್ತು ವರ್ಷ ದಾಟಿದ ಚಿತ್ರ, ಹೇಳಿಬಿಡುತ್ತೇನೆ.

ಸ್ಟ್ಯಾನ್ಲಿ ಎಂಬ ಒಬ್ಬ ಇಂಗ್ಲಿಷ್ ಜಾದೂಗಾರ. ವೇದಿಕೆಯ ಮೇಲೆ ಚೀನೀ ವೇಷ ಹಾಕಿ, ಬೇರೆ ಹೆಸರಿಟ್ಟುಕೊಂಡು ಆನೆಯನ್ನೇ ಮಾಯ ಮಾಡುತ್ತಾನೆ. ಪರದೆಯ ಹಿಂದೆ ಮಹಾ ಸಿಡುಕ. ಸಹಾಯಕರ ಮೇಲೆ ರೇಗುತ್ತಾನೆ, ಹೊಗಳಲು ಬಂದವರನ್ನೂ ಬಿಡುವುದಿಲ್ಲ. ದೇವರು, ದೆವ್ವ, ಪರಲೋಕ ಯಾವುದನ್ನೂ ನಂಬುವವನಲ್ಲ. ಸತ್ತವರ ಜೊತೆ ಮಾತಾಡುತ್ತೇವೆ ಎನ್ನುವವರ ಮೋಸ ಬಯಲು ಮಾಡುವುದು ಅವನ ಇನ್ನೊಂದು ಕಸುಬು. ಇವನ ಹತ್ತಿರ ಹಳೆಯ ಗೆಳೆಯ ಹೊವರ್ಡ್ ಬರುತ್ತಾನೆ. ಅವನೂ ಜಾದೂಗಾರನೇ. ಫ್ರಾನ್ಸಿನಲ್ಲಿ ಒಂದು ಅಮೆರಿಕನ್ ಶ್ರೀಮಂತ ಮನೆತನವನ್ನು ಸೋಫಿ ಎಂಬ ಹುಡುಗಿ ಮರುಳು ಮಾಡಿದ್ದಾಳೆ, ನನ್ನ ಕೈಲಿ ಅವಳ ಗುಟ್ಟು ಹಿಡಿಯಲು ಆಗಲಿಲ್ಲ, ನೀನೇ ಬಾ ಅಂತ ಕರೆಯುತ್ತಾನೆ.

ಸ್ಟ್ಯಾನ್ಲಿ ಹೋಗುತ್ತಾನೆ. ಸೋಫಿ ಅವನ ಮನೆಯ ಸಂಗತಿಗಳನ್ನು ಒಂದೊಂದಾಗಿ ಹೇಳುತ್ತಾಳೆ. ಕತ್ತಲ ಕೋಣೆಯಲ್ಲಿ ಎಲ್ಲರೂ ಕೈ ಹಿಡಿದು ಕೂತಾಗ ಮೇಜಿನಿಂದ ಮೇಣದಬತ್ತಿ ಮೇಲೇಳುತ್ತದೆ. ಕೊನೆಗೆ ಅವನ ಸೋದರತ್ತೆ ವೆನೆಸಾಳ ಹಳೆಯ ಪ್ರೇಮದ ಗುಟ್ಟನ್ನೂ ಆ ಹುಡುಗಿ ಹೇಳಿಬಿಟ್ಟಾಗ ನಮ್ಮ ವಿಚಾರವಾದಿ ಮಗುಚಿ ಬೀಳುತ್ತಾನೆ. ಪತ್ರಕರ್ತರನ್ನು ಕರೆದು, ಇವಳ ಶಕ್ತಿ ನಿಜ ಎಂದು ಸಾರುತ್ತಾನೆ. ಆಮೇಲೆ ಗೊತ್ತಾಗುವುದೇನೆಂದರೆ, ಎಲ್ಲವೂ ಹೊವರ್ಡ್ ಹೂಡಿದ ಆಟ. ಗೆಳೆಯನ ಹೊಟ್ಟೆಕಿಚ್ಚು. ಬಾಲ್ಯದಿಂದ ಗೊತ್ತಿದ್ದ ಮನೆಯ ಗುಟ್ಟನ್ನೆಲ್ಲ ಅವನೇ ಸೋಫಿಯ ಕಿವಿಗೆ ಊದಿದ್ದ. ಅಷ್ಟು ಹೊತ್ತಿಗೆ ಸ್ಟ್ಯಾನ್ಲಿಗೆ ಸೋಫಿಯ ಮೇಲೆ ಪ್ರೀತಿ ಹುಟ್ಟಿಯಾಗಿದೆ. ಪ್ರೇಮಕಥೆ ಅಂದೆನಲ್ಲ.

ಆ ಕತ್ತಲ ಕೋಣೆಯ ದೃಶ್ಯಗಳಲ್ಲಿ ಪ್ರೇತಗಳು ಬಾಯಿ ಬಿಟ್ಟು ಮಾತಾಡುವುದಿಲ್ಲ. ಮೇಜು ಬಡಿಯುತ್ತವೆ. ಈಗ ಕೇಳಿ. ಟಕ್... ಟಕ್. ಇದನ್ನು ಬಡಿದದ್ದು ನಾನೇ, ಬೆರಳ ಗೆಣ್ಣಿನಿಂದ. ಆದರೆ ನೀವು ರೇಡಿಯೊ ಮುಂದಿದ್ದೀರಿ, ನನ್ನ ಕೈ ನಿಮಗೆ ಕಾಣುವುದಿಲ್ಲ. ಆ ಸಭೆಗಳೂ ನಡೆಯುತ್ತಿದ್ದದ್ದು ಹೀಗೇ. ದೀಪ ಆರಿಸಿದ ಮೇಲೆ ಕೈ ಯಾರದು, ಕಾಲು ಯಾರದು!

ಈ ಟಕ್ ಟಕ್‌ಗೆ ಒಂದು ಚರಿತ್ರೆಯೂ ಇದೆ. 1848ರಲ್ಲಿ ನ್ಯೂಯಾರ್ಕ್ ರಾಜ್ಯದ ಹೈಡ್ಸ್‌ವಿಲ್ ಎಂಬ ಹಳ್ಳಿಯಲ್ಲಿ ಮ್ಯಾಗಿ ಫಾಕ್ಸ್, ಕೇಟ್ ಫಾಕ್ಸ್ ಎಂಬ ಅಕ್ಕತಂಗಿಯರು ಶುರು ಮಾಡಿದ ಆಟ ಅದು. ಪ್ರಶ್ನೆ ಕೇಳಿದರೆ ಗೋಡೆಯಿಂದಲೋ ನೆಲದಿಂದಲೋ ಸದ್ದು ಬರುತ್ತಿತ್ತು. ನೋಡನೋಡುತ್ತ ಅದು ಅಮೆರಿಕ, ಇಂಗ್ಲೆಂಡುಗಳಿಗೆಲ್ಲ ಹಬ್ಬಿತು. ನಲವತ್ತು ವರ್ಷ ಕಳೆದು 1888ರಲ್ಲಿ ಮ್ಯಾಗಿ ತುಂಬಿದ ಸಭೆಯ ಮುಂದೆ ನಿಂತು, ಸದ್ದು ಮಾಡುತ್ತಿದ್ದದ್ದು ನನ್ನ ಕಾಲ್ಬೆರಳ ಕೀಲುಗಳು ಅಂತ ಒಪ್ಪಿಕೊಂಡಳು. ಮಾಡಿಯೂ ತೋರಿಸಿದಳು. ಕಾಲಿನ ನೆಟಿಗೆ ಅಷ್ಟೇ! ಹಾಗಂತ ನಂಬಿದವರೆಲ್ಲ ಬಿಟ್ಟರೇ? ಇಲ್ಲ. ಮಗ ಸತ್ತ ತಾಯಿಗೆ ಆ ಟಕ್ ಟಕ್ ಬೇಕಾಗಿತ್ತು. ಮೊದಲ ಮಹಾಯುದ್ಧ ಮುಗಿದಾಗ ಅಂಥ ತಾಯಂದಿರು ಊರೂರಲ್ಲಿ ಇದ್ದರು. ಚಿತ್ರದ ಕಾಲ 1928 ಆಗಿರುವುದು ಸರಿಯಾಗಿಯೇ ಇದೆ.

ಅದೇ 1920ರ ದಶಕದಲ್ಲಿ ಇಂಥವರ ಬೆನ್ನು ಹತ್ತಿದವನು ಹ್ಯಾರಿ ಹೂಡಿನಿ, ಬೇಡಿ ಬಿಚ್ಚಿಕೊಂಡು ಹೊರಬರುವುದರಲ್ಲಿ ಹೆಸರಾದ ಜಾದೂಗಾರ. ಮೋಸ ಹಿಡಿಯಲು ವಿಜ್ಞಾನಿಗಿಂತ ಜಾದೂಗಾರನೇ ವಾಸಿ ಎಂಬುದು ಅವನ ನಂಬಿಕೆ. ಪ್ರಯೋಗಾಲಯದಲ್ಲಿ ವಸ್ತುಗಳು ಸುಳ್ಳು ಹೇಳುವುದಿಲ್ಲ, ಹಾಗಾಗಿ ವಿಜ್ಞಾನಿಗೆ ಸುಳ್ಳಿನ ಜೊತೆ ಏಗಿ ಅಭ್ಯಾಸ ಕಡಿಮೆ.

ಇಲ್ಲಿ ಚಿತ್ರ ಒಂದು ಜಾಣ ಕೆಲಸ ಮಾಡುತ್ತದೆ. ಸ್ಟ್ಯಾನ್ಲಿಯೂ ಹೂಡಿನಿಯ ಜಾತಿಯವನೇ. ಆದರೂ ಬೀಳುತ್ತಾನೆ. ಯಾಕೆ? ಅವನು ಸೋಫಿಯನ್ನು ಅನುಮಾನಿಸಿದ, ಅವಳ ತಾಯಿಯನ್ನು ಅನುಮಾನಿಸಿದ, ಮೇಜು, ಕುರ್ಚಿ, ಮೇಣದಬತ್ತಿಯನ್ನೂ ಬಿಡಲಿಲ್ಲ. ತನ್ನನ್ನು ಕರೆತಂದ ಗೆಳೆಯನನ್ನು ಮಾತ್ರ ಅನುಮಾನಿಸಲಿಲ್ಲ. ಈ ವಿಷಯ ಅವಳಿಗೆ ಹೇಗೆ ಗೊತ್ತಾಯಿತು ಅನ್ನುವುದಕ್ಕೆ ಮೊದಲು ಕೇಳಬೇಕಾದ್ದು, ಈ ವಿಷಯ ಇನ್ಯಾರಿಗೆ ಗೊತ್ತಿತ್ತು ಅಂತ ತಾನೇ? ಪೊಲೀಸ್ ಪೇದೆಗೂ ಹೊಳೆಯುವ ಪ್ರಶ್ನೆ. ಅವನಿಗೆ ಹೊಳೆಯಲಿಲ್ಲ. ನನ್ನನ್ನು ಯಾರೂ ಏಮಾರಿಸಲಾರರು ಎಂಬ ಹಮ್ಮು. ನನಗೇ ಗೊತ್ತಾಗದ ಮೇಲೆ ಇದು ದೈವಶಕ್ತಿಯೇ ಇರಬೇಕು ಎಂಬ ತೀರ್ಮಾನ. ಅವನು ಜಗಳಗಂಟ ನಾಸ್ತಿಕ, ನಿಜ. ಒಳ್ಳೆಯ ವಿಚಾರವಾದಿ ಅಂತ ಮಾತ್ರ ನಾನು ಒಪ್ಪುವುದಿಲ್ಲ.

ವಿಚಾರವಾದಿ ಅಂದರೆ ಒಣಗಿದ ಮುಖ, ಒರಟು ಮಾತು ಅಂತ ಸಿನಿಮಾಗಳು ಯಾಕೋ ತೀರ್ಮಾನ ಮಾಡಿಬಿಟ್ಟಿವೆ. ನಮ್ಮ ಎಚ್. ನರಸಿಂಹಯ್ಯನವರನ್ನು ನೆನೆಸಿಕೊಳ್ಳಿ. ಗೌರಿಬಿದನೂರು ಕಡೆಯವರು. ಗಾಂಧಿವಾದಿ, ಖಾದಿ ತೊಟ್ಟು ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಬದುಕು ಕಳೆದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದರು. ಪ್ರಶ್ನೆ ಗಟ್ಟಿಯಾಗಿತ್ತು, ಆದರೆ ವಿದ್ಯಾರ್ಥಿಗಳಿಗೆ ಅವರು ಅಕ್ಕರೆಯ ಎಚ್ಚೆನ್ ಆಗಿಯೇ ಇದ್ದರು.

ಈಗ ಹೊಳಲ್ಕೆರೆಗೆ ಬರೋಣ.

ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಪ್ರೇತದ ಮೇಜಿಗಿಂತ ದೊಡ್ಡದು ತೆಂಗಿನಕಾಯಿ. ಬೋರ್ ಕೊರೆಸುವ ಮುಂಚೆ ಪಾಯಿಂಟ್ ಮಾಡಿಸಬೇಕು. ನೀರು ನೋಡುವವರು ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹೊಲದ ತುಂಬ ನಡೆಯುತ್ತಾರೆ. ಒಂದು ಕಡೆ ಕಾಯಿ ಎದ್ದು ನಿಲ್ಲುತ್ತದೆ. ಕೆಲವರ ಕೈಯಲ್ಲಿ ಬೇವಿನ ಕವಲು ಕಡ್ಡಿ, ಅದು ತಿರುಗುತ್ತದೆ. ಇವರೆಲ್ಲ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಜನ ಪ್ರಾಮಾಣಿಕರು, ಕಾಯಿ ತಾನಾಗಿ ಎದ್ದಿತು ಅಂತ ಅವರೂ ನಂಬಿದ್ದಾರೆ.

ಇದನ್ನು ಬಿಡಿಸಿ ತೋರಿಸಿದವರು ಮೈಕೆಲ್ ಫ್ಯಾರಡೆ, ವಿದ್ಯುತ್ತಿನ ಪಾಠದಲ್ಲಿ ಓದಿರುತ್ತೀರಲ್ಲ, ಅವರೇ. 1853ರಲ್ಲಿ ಲಂಡನ್ನಿನಲ್ಲಿ ಮೇಜು ತಿರುಗಿಸುವ ಹುಚ್ಚು. ನಾಲ್ಕಾರು ಜನ ಮೇಜಿನ ಮೇಲೆ ಕೈಯಿಟ್ಟು ಕೂತರೆ ಅದು ತಾನಾಗಿ ಸರಿಯುತ್ತಿತ್ತು. ಫ್ಯಾರಡೆ ಕೈಗೂ ಮೇಜಿಗೂ ನಡುವೆ ರಟ್ಟಿನ ಪದರಗಳನ್ನಿಟ್ಟು, ನಡುನಡುವೆ ಮೆತ್ತನೆ ಅಂಟು ಹಾಕಿದರು. ಮೇಜು ಮೊದಲು ಸರಿದರೆ ಕೆಳಗಿನ ರಟ್ಟು ಮುಂದೆ ಹೋಗಬೇಕು. ಕೈ ಮೊದಲು ಸರಿದರೆ ಮೇಲಿನದು. ನೋಡಿದರೆ ಮೇಲಿನದೇ ಮುಂದೆ ಹೋಗಿತ್ತು. ಆಮೇಲೆ ಒಂದು ಮುಳ್ಳು ಕಟ್ಟಿ, ಕೈ ತಳ್ಳುತ್ತಿದೆಯೋ ಇಲ್ಲವೋ ಕೂತವರಿಗೇ ಕಾಣುವ ಹಾಗೆ ಮಾಡಿದರು. ತಮ್ಮ ಕೈ ತಮಗೇ ಕಂಡ ಕೂಡಲೇ ಮೇಜು ನಿಂತಿತು! ಆ ಜನ ಸುಳ್ಳರಾಗಿರಲಿಲ್ಲ. ಮನಸ್ಸು ಬಯಸಿದ್ದನ್ನು ಕೈ ಅವರಿಗೆ ತಿಳಿಯದ ಹಾಗೆ ಮಾಡುತ್ತಿತ್ತು. ಅಂಗೈ ಮೇಲಿನ ಕಾಯಿಗೂ, ಬಿಗಿಹಿಡಿದ ಕವಲು ಕಡ್ಡಿಗೂ ಅಷ್ಟೇ ಸಾಕು. ಬೆರಳು ಒಂದಿಷ್ಟು ಅಲುಗಿದರೆ ಆಯಿತು.

ಹಾಗಾದರೆ ನೀರು ಬೀಳುತ್ತದಲ್ಲ ಸ್ವಾಮಿ ಅನ್ನುತ್ತೀರಿ. ಬೀಳುತ್ತದೆ. ನಮ್ಮ ನೆಲದಡಿ ಗಟ್ಟಿ ಬಂಡೆ, ಅದರ ಬಿರುಕುಗಳಲ್ಲಿ ನೀರು. ಬಿರುಕು ಸಿಕ್ಕರೆ ನೀರು ಚಿಮ್ಮುತ್ತದೆ, ಸಿಗದಿದ್ದರೆ ಬರೀ ಧೂಳು. ಬಿದ್ದ ಬೋರಿನ ಮಾತು ಹತ್ತೂರು ಸುತ್ತುತ್ತದೆ. ಫೇಲಾದದ್ದಕ್ಕೆ ನಮ್ಮ ಹಣೆಬರಹ ಅಂತ ಸುಮ್ಮನಾಗುತ್ತೇವೆ.

ಭೂವಿಜ್ಞಾನಿಯೂ ಬರುತ್ತಾರೆ. ನೆಲಕ್ಕೆ ಸರಳು ನೆಟ್ಟು, ಕರೆಂಟು ಹರಿಸಿ, ಲೆಕ್ಕ ಹಾಕಿ, ಇಲ್ಲಿ ಸಿಗಬಹುದು, ಖಾತ್ರಿ ಹೇಳಲಾರೆ ಅನ್ನುತ್ತಾರೆ. ಕಾಯಿಯವರು ಹಾಗಲ್ಲ. 250 ಅಡಿಗೆ ಎರಡಿಂಚು ನೀರು, ಹೋಗಿ ಕೊರೆಸು ಅನ್ನುತ್ತಾರೆ. ತೋಟ ಒಣಗುತ್ತಿರುವವನಿಗೆ ಯಾವ ಮಾತು ಹಿತ? ಆ ಬೆಳೆಗಾರನನ್ನು ಮೂಢ ಅಂತ ನಗುವುದು ನನ್ನಿಂದಾಗದು. ಖಾತ್ರಿಯ ಮಾತು ರಾತ್ರಿ ನಿದ್ದೆ ಕೊಡುತ್ತದೆ. ಆದರೆ ಗಾಡಿ ಬಂದು 800 ಅಡಿ ಕೊರೆದು ಧೂಳೆಬ್ಬಿಸಿ ಹೋದ ಮೇಲೆ ಅಡಿ ಲೆಕ್ಕದ ಬಿಲ್ಲು ಕಟ್ಟುವವನು ಅವನೇ.

ಚಿತ್ರದ ಮೇಲೆ ನನ್ನ ಮುಖ್ಯ ತಕರಾರು ಇದೇ. ಸುಳ್ಳಾದರೇನು, ಜನಕ್ಕೆ ನೆಮ್ಮದಿ ಸಿಗುತ್ತದಲ್ಲ ಅಂತ ಅದು ಮತ್ತೆ ಮತ್ತೆ ಕೇಳುತ್ತದೆ. ಚೆಂದದ ಪ್ರಶ್ನೆ. ಆದರೆ ಅಲ್ಲಿ ಏಮಾರುವವಳು ಕೋಟ್ಯಧೀಶೆ ವಿಧವೆ. ಸೋಫಿಗೆ ಕೊಟ್ಟ ಹಣ ಅವಳಿಗೆ ಕಡಲೆಪುರಿ. ಬಿಲ್ಲು ಯಾರಿಗೂ ಚುರ್ ಅನ್ನದ ಕಡೆ ಭ್ರಮೆಯ ಬಗ್ಗೆ ಉದಾರವಾಗಿರುವುದು ಸುಲಭ. ಅದೇ ಕಥೆಯನ್ನು ಸಾಲ ಮಾಡಿ ಮೂರನೇ ಬೋರ್ ಕೊರೆಸುವವನ ಹೊಲದಲ್ಲಿ ಇಟ್ಟರೆ ಕಾಮಿಡಿ ಉಳಿಯುತ್ತದೆಯೇ?

ನಮ್ಮದೇ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ ಉಳ್ಳಾರ್ತಿ ಕಾವಲು ಇದೆ. ಚಂದ್ರಯಾನದ ಲ್ಯಾಂಡರಿನ ಸಂವೇದಕಗಳನ್ನು ಪರೀಕ್ಷಿಸಲು ಇಸ್ರೋದವರು ಚಂದ್ರನ ಮೇಲಿನಂಥ ಕುಳಿಗಳನ್ನು ತೋಡಿದ್ದು ಅಲ್ಲೇ. ಅದೇ ಇಸ್ರೋದವರು 2023ರ ಜುಲೈನಲ್ಲಿ ಉಡಾವಣೆಗೆ ಮುಂಚೆ ಚಂದ್ರಯಾನ-3ರ ಪುಟ್ಟ ಮಾದರಿ ಹಿಡಿದು ತಿರುಪತಿಗೆ ಹೋದರು. ಆಗ ಗಲಾಟೆಯಾಯಿತು, ವಿಜ್ಞಾನಿಗಳು ಹೀಗೆ ಮಾಡಬಹುದೇ ಅಂತ. ನನಗೆ ಅದು ಅಷ್ಟೇನೂ ಚುಚ್ಚಲಿಲ್ಲ. ಅವರು ಚಳ್ಳಕೆರೆಯಲ್ಲಿ ಮಾಡಬೇಕಾದ ಪರೀಕ್ಷೆಯನ್ನೆಲ್ಲ ಮಾಡಿ ಆಮೇಲೆ ಕೈ ಮುಗಿದವರು. ತಿಮ್ಮಪ್ಪ ಇದ್ದಾನೆ ಅಂತ ಒಂದು ಪರೀಕ್ಷೆಯನ್ನೂ ಬಿಟ್ಟವರಲ್ಲ. ಕಾಯಿಯ ಕಥೆಯಲ್ಲಿ ಆಗುವುದು ಉಲ್ಟಾ. ಕಾಯಿ ನಿಂತಿತಲ್ಲ, ಇನ್ನು ಪರೀಕ್ಷೆ ಯಾಕೆ ಅಂತ.

ಚಿತ್ರದಲ್ಲೂ ಒಂದು ಪ್ರಾರ್ಥನೆ ಇದೆ. ಅತ್ತೆಗೆ ಕಾರು ಅಪಘಾತ. ಆಸ್ಪತ್ರೆಯಲ್ಲಿ ಸ್ಟ್ಯಾನ್ಲಿ ಒಬ್ಬನೇ ಕೂತು ಪ್ರಾರ್ಥನೆ ಶುರು ಮಾಡುತ್ತಾನೆ. ಅರ್ಧಕ್ಕೆ ನಿಲ್ಲುತ್ತಾನೆ. ಮುಂದುವರಿಸಲು ಆಗುವುದಿಲ್ಲ. ಅಲ್ಲಿಂದಲೇ ಅವನ ಬುದ್ಧಿ ಮರಳಿ ಬರುವುದು. ಕಾಲಿನ್ ಫರ್ತ್ ಇದನ್ನು ತುಂಬ ಚೆನ್ನಾಗಿ ಮಾಡಿದ್ದಾರೆ. ನಗುವೂ ಬರುತ್ತದೆ, ಅಯ್ಯೋ ಅಂತಲೂ ಅನ್ನಿಸುತ್ತದೆ. ಸೋಫಿಯಾಗಿ ಎಮಾ ಸ್ಟೋನ್. ಇಬ್ಬರಿಗೂ 28 ವರ್ಷದ ಅಂತರ. ಅದು ಕಣ್ಣಿಗೆ ಹೊಡೆಯುತ್ತದೆ. ನಮ್ಮ ಹೀರೊಗಳನ್ನು ನೋಡಿ ಅಭ್ಯಾಸವಾದವರಿಗೆ ಅಷ್ಟು ಹೊಡೆಯಲಿಕ್ಕಿಲ್ಲ ಬಿಡಿ.

ಇನ್ನೊಂದು ತಕರಾರು. ಪ್ರೀತಿಗೆ ಕಾರಣ ಹೇಳಲು ಆಗುವುದಿಲ್ಲ, ಹಾಗಾಗಿ ಪ್ರೀತಿಯೂ ಒಂದು ಮಾಯೆಯೇ ಅಂತ ಚಿತ್ರ ಕೊನೆಗೆ ವಾಲುತ್ತದೆ. ಇದು ಜಾರಿಕೆಯ ಮಾತು. ಸೋಫಿ ನಕ್ಕಾಗ ಅವನಿಗೆ ಖುಷಿಯಾದದ್ದು ನಿಜವಾಗಿ ನಡೆದದ್ದು. ಮೇಣದಬತ್ತಿ ಹಾರಿದ್ದು ಹಾಗಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕಟ್ಟಿದರೆ ಹೇಗೆ? ಮಳೆಯಲ್ಲಿ ಸಿಕ್ಕಿಬಿದ್ದ ಇಬ್ಬರೂ ಒಂದು ವೀಕ್ಷಣಾಲಯದೊಳಗೆ ಹೋಗಿ, ಮಳೆ ನಿಂತ ಮೇಲೆ ಛಾವಣಿ ತೆರೆದು ನಕ್ಷತ್ರ ನೋಡುವ ದೃಶ್ಯವೊಂದಿದೆ. ಅಲ್ಲಿ ಪ್ರೇತವಿಲ್ಲ, ಕಣ್ಕಟ್ಟಿಲ್ಲ. ಇಡೀ ಚಿತ್ರದಲ್ಲಿ ಪ್ರೀತಿ ಹುಟ್ಟಿತು ಅಂತ ನಾನು ನಂಬಿದ್ದು ಅಲ್ಲಿ ಮಾತ್ರ.

ಇಷ್ಟೆಲ್ಲ ದೂರಿದ ಮೇಲೂ ಚಿತ್ರ ನೋಡಿ ಅನ್ನುತ್ತೇನೆ. ಮುಖ್ಯವಾಗಿ ಅತ್ತೆ ವೆನೆಸಾಗಾಗಿ. ಐಲೀನ್ ಅಟ್ಕಿನ್ಸ್ ಮಾಡಿರುವ ಪಾತ್ರ. ಅತ್ತೆ ಚೇತರಿಸಿಕೊಂಡಿದ್ದಾಳೆ. ಸ್ಟ್ಯಾನ್ಲಿ ಬಂದು, ಆ ಸುಳ್ಳಿ ಹುಡುಗಿ ನನಗೆ ಯಾವ ಲೆಕ್ಕ ಎಂಬ ಧಾಟಿಯಲ್ಲಿ ಶುರು ಮಾಡುತ್ತಾನೆ. ಅತ್ತೆ ವಾದಕ್ಕೆ ಇಳಿಯುವುದೇ ಇಲ್ಲ. ಅವನು ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತಾ ಹೋಗುತ್ತಾಳೆ. ಇವಳು ಒಪ್ಪಿದಷ್ಟೂ ಅವನಿಗೆ ಇರುಸುಮುರುಸು. ತನ್ನ ಮಾತಿಗೆ ತಾನೇ ಎದುರು ಮಾತಾಡುತ್ತ ಹೋಗಿ, ಕೊನೆಗೆ ಪ್ರೀತಿಯನ್ನು ಅವನ ಬಾಯೇ ಹೊರಗೆಡಹುತ್ತದೆ. ಮನಸ್ಸು ಓದುತ್ತೇವೆ ಎನ್ನುವವರೇ ತುಂಬಿರುವ ಈ ಚಿತ್ರದಲ್ಲಿ ನಿಜವಾಗಿ ಮನಸ್ಸು ಓದಲು ಬರುವುದು ಈ ಮುದುಕಿಗೊಬ್ಬಳಿಗೇ, ಅದೂ ಒಂದು ಪೈಸೆ ತೆಗೆದುಕೊಳ್ಳದೆ.

ನಮಸ್ಕಾರ.