ವಾಲೈಗೆ ಸ್ಪಿನ್ನರ್ ರಿಗ್: ಮೊದಲು ವೇಗ, ಕೊನೆಗೆ ಬಣ್ಣ

ದೋಣಿ ಪಕ್ಕದ ನೀರೊಳಗೆ ನೋಡಿ. ಎರಡಡಿ ಕೆಳಗೆ ಬಂಗಾರದ ಬಣ್ಣದ ತಗಡು ಗಿರಗಿರ ತಿರುಗ್ತಾ ಬರ್ತಿದೆ. ಅದರ ಹಿಂದೆ ಎರೆಹುಳು ನೆಟ್ಟಗೆ ಚಾಚಿಕೊಂಡಿದೆ. ಈಗ ಮೋಟರ್ ಸ್ವಲ್ಪ ಇಳಿಸ್ತೀನಿ. ತಗಡು ತಡವರಿಸ್ತು... ಒಂದು ಸಲ ಹೊರಳ್ತು... ನಿಂತೇ ಹೋಯ್ತು. ಮೀನಿಗೆ ಇನ್ನು ಮಿಂಚೂ ಇಲ್ಲ, ಸದ್ದೂ ಇಲ್ಲ. ವಾಲೈ ಅನ್ನೋ ಸಿಹಿನೀರಿನ ಮೀನಿಗೆ ಸ್ಪಿನ್ನರ್ ರಿಗ್, ಅಂದರೆ ತಿರುಗೋ ತಗಡು, ಮಣಿ, ಗಾಳ ಕಟ್ಟಿದ ದಾರ, ಆರಿಸೋರು ಮೊದಲು ಕಣ್ಣಾರೆ ನೋಡಬೇಕಾದ್ದು ಇದನ್ನೇ.

ಅಂಗಡಿಗೆ ಹೋದರೆ ಗೋಡೆ ತುಂಬ ನೂರಾರು ರಿಗ್‌ ನೇತಾಡ್ತಿರುತ್ತೆ. ಕೈ ಸೀದಾ ಬಣ್ಣಕ್ಕೆ ಹೋಗುತ್ತೆ. ಬಣ್ಣ ನೋಡೋದು ಕಟ್ಟಕಡೆಗೆ. ದೋಣಿ ಯಾವ ವೇಗದಲ್ಲಿ ಹೋಗುತ್ತೆ ಅನ್ನೋದು ಮೊದಲು, ಆ ವೇಗಕ್ಕೆ ತಿರುಗೋ ತಗಡಿನ ಆಕಾರ ಆಮೇಲೆ, ಅಳತೆ ಅದರ ನಂತರ.

ಈಗ ನಾವಿರೋದು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿಲ್ ಲ್ಯಾಕ್ಸ್ ಸರೋವರದಲ್ಲಿ. ಸುಮಾರು 1,32,000 ಎಕರೆ ನೀರು, ಆದರೆ ಅತಿ ಆಳದ ಜಾಗದಲ್ಲೂ 42 ಅಡಿಯಷ್ಟೆ. ವಾಲೈ 1965ರಿಂದ ಈ ರಾಜ್ಯದ ಅಧಿಕೃತ ಮೀನು. ಬೆಕ್ಕಿನ ಹಾಗೆ ಇದರ ಕಣ್ಣಿನ ಹಿಂಭಾಗದಲ್ಲೂ ಬೆಳಕನ್ನ ವಾಪಸ್ ಎಸೆಯೋ ಪದರ ಇದೆ, ಅದಕ್ಕೇ ಮಬ್ಬುಗತ್ತಲಲ್ಲೂ ಬೇಟೆಯಾಡುತ್ತೆ. ಮೈಯ ಪಕ್ಕದ ಗೆರೆಯಿಂದ ನೀರಿನ ಅದುರನ್ನೂ ಗ್ರಹಿಸುತ್ತೆ. ತಿರುಗೋ ತಗಡು ಎರಡಕ್ಕೂ ಕೆಲಸ ಕೊಡುತ್ತೆ: ಕಣ್ಣಿಗೆ ಮಿಂಚು, ಮೈಗೆ ಅದುರು. ಹತ್ತಿರ ಬಂದ ಮೇಲೆ ಬಾಯಿ ತೆಗೆಸೋದು ಹುಳು.

ಆಕಾರದಲ್ಲಿ ಮುಖ್ಯವಾಗಿ ಮೂರು. ಚಮಚದ ಬಾಯಿಯ ಹಾಗೆ ಗುಂಡಗಿರೋದು ಕೊಲರಾಡೊ. ದಾರದಿಂದ ಅಗಲವಾಗಿ ತೆರೆದುಕೊಂಡು, ನೀರನ್ನ ಜಾಸ್ತಿ ತಳ್ಳಿ, ದಪ್ಪ ಅದುರು ಕೊಡುತ್ತೆ. ಗಂಟೆಗೆ 0.8 ಮೈಲಿಗೂ ತಿರುಗುತ್ತೆ. ಅಂದರೆ ನಾವು ಅಡ್ಡಾಡೋ ನಡಿಗೆಗಿಂತಲೂ ನಿಧಾನ. ಕುಂಬಳಬೀಜದ ಆಕಾರದ್ದು ಇಂಡಿಯಾನಾ, ಇದಕ್ಕೆ 1ರಿಂದ 1.5 ಮೈಲಿ ಹದ. ಬೇವಿನ ಎಲೆಯ ಹಾಗೆ ಉದ್ದಕ್ಕೆ ಚೂಪಾಗಿರೋದು ವಿಲ್ಲೋ. ದಾರಕ್ಕೆ ಅಂಟಿಕೊಂಡ ಹಾಗೆ ತಿರುಗುತ್ತೆ, ಮಿಂಚು ಜಾಸ್ತಿ, ಅದುರು ಕಮ್ಮಿ. ಅದಕ್ಕೆ 1.5 ಮೈಲಿಗಿಂತ ಮೇಲೇ ಬೇಕು. ಒಂದು ಮೈಲಿಗೆ ವಿಲ್ಲೋ ಕಟ್ಟಿ ದಿನವಿಡೀ ಎಳೆದರೆ ಅದು ಅರ್ಧ ಹೊತ್ತು ನಿಂತೇ ಇರುತ್ತೆ, ಮೇಲೆ ಕೂತವರಿಗೆ ಗೊತ್ತೇ ಆಗಲ್ಲ.

ಒಂದೇ ಡಬ್ಬಿ ತುಂಬಿಸೋದಾದರೆ ಇಂಡಿಯಾನಾ ತುಂಬಿಸಿ. ವೇಗ ಸ್ವಲ್ಪ ಏರುಪೇರಾದರೂ ಅದು ಕ್ಷಮಿಸುತ್ತೆ. ಗಾಳಿಯೇ ಇಲ್ಲದೆ ದೋಣಿ ತೆವಳ್ತಾ ಇದ್ದರೆ ಮೈಲಾರ್ ಪ್ಲಾಸ್ಟಿಕ್‌ನ ಸ್ಮೈಲ್ ಬ್ಲೇಡ್ ಹಾಕಿ, ಗಂಟೆಗೆ ಅರ್ಧ ಮೈಲಿ ಇದ್ದರೂ ಅದು ಆಡುತ್ತೆ.

ಜಿಪಿಎಸ್ ತೋರಿಸೋ ವೇಗವನ್ನ ಪೂರ್ತಿ ನಂಬಬೇಡಿ. ಅದು ನೆಲಕ್ಕೆ ಹೋಲಿಸಿದ ವೇಗ, ತಗಡಿಗೆ ತಟ್ಟೋದು ನೀರಿನ ವೇಗ. ಅಮೆರಿಕ, ಕೆನಡಾ ನಡುವಿನ ಈರಿ ಸರೋವರದಂಥ ದೊಡ್ಡ ನೀರಲ್ಲಿ ಕೆಳಗಿನ ಹರಿವು ಎದುರಿಗಿದ್ದರೆ ತಗಡು ಜೋರಾಗಿ ತಿರುಗುತ್ತೆ, ಹಿಂದಿನಿಂದ ಬಂದರೆ ಮಂಕಾಗುತ್ತೆ. ಹೋಗುವಾಗ ಮೀನು ಸಿಕ್ಕಿ, ಅದೇ ದಾರೀಲಿ ವಾಪಸ್ ಬರುವಾಗ ಸಿಗದಿದ್ದರೆ ಕಾರಣ ಬಹುಪಾಲು ಇದೇ. ಹರಿವಿನ ಜೊತೆ ಬರುವಾಗ ಕಾಲು ಮೈಲಿಯೋ ಅರ್ಧ ಮೈಲಿಯೋ ಏರಿಸಿ ನೋಡಿ.

ಇನ್ನು ಅಳತೆ. ನೀರಿನ ಉಷ್ಣತೆ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 15-16 ಸೆಲ್ಸಿಯಸ್ ದಾಟೋ ತನಕ ಚಿಕ್ಕದೇ ಸಾಕು. 2 ಅಥವಾ 3ನೇ ನಂಬರ್ ತಗಡು, ಒಂದೇ ಗಾಳ, ಅದಕ್ಕೆ ಜಿಗಣೆ ಇಲ್ಲವೇ ಸಣ್ಣ ಮೀನು. ಬೇಸಿಗೆ ಕಾಯ್ತಿದ್ದ ಹಾಗೆ 4, 5. ಮಿಲ್ ಲ್ಯಾಕ್ಸ್ ನಡುವಿನ ಕೆಸರುದಿಬ್ಬಗಳ ಅಂಚಿಗೆ ಇಷ್ಟು ಸಾಕು. ಈರಿಯಂಥ ಕಡೆ, ದೊಡ್ಡ ಬೇಟೆ ಮೀನನ್ನ ಅಟ್ಟಿಕೊಂಡು ಹೋಗೋ ವಾಲೈಗೆ 6, 7ನೇ ನಂಬರೂ ಹಾಕ್ತಾರೆ. ಆದರೆ ಅದೇ ಈರಿಯ ಪಶ್ಚಿಮ ಭಾಗದಲ್ಲಿ ಜೂನ್ ತಿಂಗಳು ಮೇಫ್ಲೈ ಹುಳ ತಳದ ಕೆಸರಿಂದ ಏಳೋಕೆ ಶುರುವಾದರೆ ವಾಲೈ ಆ ಪುಟ್ಟ ಮರಿಹುಳಗಳನ್ನೇ ಹೊಟ್ಟೆ ತುಂಬ ತಿಂತಿರುತ್ತೆ. ಆಗ ದೊಡ್ಡ ತಗಡು ತೆಗೆದಿಟ್ಟು 2ನೇ ನಂಬರ್, ಅರ್ಧ ಎರೆಹುಳು. ಆ ವಾರಗಳಲ್ಲಿ ಮೀನು ಇಲ್ಲ ಅಂತ ಬೈಕೊಂಡು ಮನೆಗೆ ಹೋಗೋರು ಬಹಳ, ಮೀನು ಅಲ್ಲೇ ಇರುತ್ತೆ.

ಈಗ ರಿಗ್ ಕಟ್ಟೋಣ. ಕೊಂಡಿದ್ದರಲ್ಲೂ ನೋಡಬೇಕಾದ್ದು ಇವೇ. ದಾರ 15ರಿಂದ 17 ಪೌಂಡ್ ಭಾರ ತಾಳೋದು, ಮೊನೊ ಅನ್ನೋ ಒಂಟಿ ಎಳೆಯ ನೈಲಾನ್ ಆಗಲಿ ಫ್ಲೋರೊಕಾರ್ಬನ್ ಆಗಲಿ. ಇಷ್ಟು ದಪ್ಪ ಯಾಕೆ ಅಂದರೆ ತಗಡನ್ನ ದಾರಕ್ಕೆ ಹಿಡಿಸೋ ಪುಟ್ಟ ಕೊಂಡಿ, ಕ್ಲೆವಿಸ್, ಕೂತ ಕಡೆ ದಾರ ಸವೀತಾನೇ ಇರುತ್ತೆ, ತಳದಲ್ಲಿ ಝೀಬ್ರಾ ಮಸಲ್ ಚಿಪ್ಪು ಬ್ಲೇಡಿನ ಹಾಗೆ ಕುಯ್ಯುತ್ತೆ. ತೆಳು ದಾರ ಬಳುಕಿ ಬಾಲದ ಗಾಳಕ್ಕೂ ಸುತ್ತಿಕೊಳ್ಳುತ್ತೆ. ಆರಡಿ ಕತ್ತರಿಸಿ, ಮುಗಿದಾಗ ಐದಡಿ ಉಳಿಯುತ್ತೆ.

ಹಿಂದಿನ ಗಾಳ ಮೊದಲು. ಆಕ್ಟೋಪಸ್ ಅನ್ನೋ ನಮೂನೆಯ 4ನೇ ನಂಬರ್ ಗಾಳ. ದಾರದ ತುದಿಯನ್ನ ಗಾಳದ ಕಣ್ಣಲ್ಲಿ ತೂರಿಸಿ, ಕಾಂಡದ ಉದ್ದಕ್ಕೂ ಒತ್ತಿ ಹಿಡೀರಿ. ಉದ್ದನೆ ದಾರವನ್ನ ಕಣ್ಣಿನಿಂದ ಕೆಳಕ್ಕೆ ಏಳು ಸುತ್ತು ಒತ್ತೊತ್ತಾಗಿ ಸುತ್ತಿ. ಅದರ ಕೊನೆಯನ್ನ ಮತ್ತೆ ಕಣ್ಣಲ್ಲಿ ತೂರಿಸಿ, ಎಂಜಲು ಹಚ್ಚಿ ನಿಧಾನ ಎಳೀರಿ. ಒಣ ದಾರ ಎಳೆದರೆ ಬಿಸಿಗೆ ಅಲ್ಲೇ ಸೊರಗುತ್ತೆ. ಅಲ್ಲಿಂದ ಮೂರೂವರೆ ಇಂಚು, ಸುಮಾರು ನಾಲ್ಕು ಬೆರಳು ಬಿಟ್ಟು ಎರಡನೇ ಗಾಳ, 2ನೇ ನಂಬರಿನದು, ಅದೇ ಗಂಟು.

ಮುಂದಿನ ಗಾಳದ ಮೇಲೆ ಮಣಿ. ಇದು ಬರೀ ಸಿಂಗಾರ ಅಂದುಕೊಳ್ಳೋದರಿಂದ ಎಷ್ಟೋ ರಿಗ್ ಕೆಡುತ್ತೆ. ತಗಡನ್ನ ಗಾಳದಿಂದ ದೂರ ಹಿಡಿಯೋದೇ ಮಣಿ. ಪರೀಕ್ಷೆ ಸುಲಭ: ತಗಡನ್ನ ಬೆರಳಲ್ಲಿ ಮಣಿಗಳ ಮೇಲೆ ಮಲಗಿಸಿ. ಅದರ ತುದಿ ಗಾಳದ ಕಣ್ಣು ದಾಟಿ ಕೆಳಗೆ ಬಂದರೆ ಇನ್ನೊಂದು ಮಣಿ ಬೇಕು. 5ನೇ ನಂಬರ್ ಕೊಲರಾಡೊಗೆ 6 ಮಿಲಿಮೀಟರಿನ ಆರು ಮಣಿ ಸರಿಹೋಗುತ್ತೆ, 3ಕ್ಕೆ ನಾಲ್ಕೈದು. ಕಮ್ಮಿಯಾದರೆ ತಗಡು ಗಾಳಕ್ಕೆ ಬಡಿದು ನಿಲ್ಲುತ್ತೆ.

ಮಣಿ ಮೇಲೆ ಕ್ಲೆವಿಸ್, ಅದರಲ್ಲಿ ತಗಡು. ತಗಡಿನ ಕುಳಿಭಾಗ ಗಾಳದ ಕಡೆಗಿರಲಿ. ತಿರುವುಮುರುವಾದರೆ ಸರಿಯಾಗಿ ತಿರುಗಲ್ಲ, ಇದು ಅನುಭವಸ್ಥರಿಗೂ ಆಗುತ್ತೆ. ಲೋಹದ ಕ್ಲೆವಿಸ್ ಆದರೆ ತೂತಿನ ಅಂಚನ್ನ ಉಗುರಲ್ಲಿ ಸವರಿ ನೋಡಿ, ಒರಟಿದ್ದರೆ ಎಸೀರಿ. ಪ್ಲಾಸ್ಟಿಕ್‌ನದು ತಗಡನ್ನ ಕ್ಷಣದಲ್ಲಿ ಬದಲಿಸೋಕೆ ಒಳ್ಳೇದು, ಬಾಯಿ ಸಡಿಲವಾದ ದಿನ ಬಿಸಾಡಿ, ಇಲ್ಲದಿದ್ದರೆ ತಗಡು ಕೆರೆಪಾಲು. ಮೇಲ್ತುದಿಗೆ ಬಾಲ್ ಬೇರಿಂಗ್ ಸ್ವಿವೆಲ್, ಅಂದರೆ ಸಲೀಸಾಗಿ ತಿರುಗೋ ಕೊಂಡಿ.

ಎರೆಹುಳು ಅನ್ನೋ ನಮ್ಮ ಹೆಸರಲ್ಲೇ ಎರೆ ಇದೆ, ಗಾಳಕ್ಕೆ ಸಿಕ್ಕಿಸೋ ಮೇವು. ಇಲ್ಲಿ ಬಳಸೋ ನೈಟ್‌ಕ್ರಾಲರ್ ನಮ್ಮೂರ ತೋಟದ ಹುಳುಕ್ಕಿಂತ ದಪ್ಪ, ಉದ್ದ. ಮುಂದಿನ ಗಾಳವನ್ನ ಮೂತಿಯ ತುದೀಲಿ ಚುಚ್ಚಿ ಹೊರತೆಗೀರಿ. ಹುಳು ಸಹಜವಾಗಿ ಚಾಚಿಕೊಳ್ಳೋ ತನಕ ಕಾದು, ಹಿಂದಿನ ಗಾಳ ಎಲ್ಲಿಗೆ ಬರುತ್ತೋ ಅಲ್ಲಿ ಚುಚ್ಚಿ. ಬಾಲ ಸಡಿಲ ಬಿಡಿ. ನಡುವೆ ಹುಳು ಬಾಗಿ ಕೂತರೆ ಇಡೀ ಹುಳುವೇ ಫ್ಯಾನಿನ ಹಾಗೆ ಸುತ್ತಿ ದಾರ ಮುರುಚಿಕೊಳ್ಳುತ್ತೆ. ದಾರ ಮುರುಚಿದಾಗ ಎಲ್ಲರೂ ತಗಡನ್ನ ಬೈತಾರೆ. ತಗಡು ಕ್ಲೆವಿಸ್ ಮೇಲೆ ದಾರದ ಸುತ್ತ ತಿರುಗುತ್ತೆ, ದಾರವನ್ನ ಮುರುಚೋದು ಡೊಂಕಾಗಿ ಕೂತ ಹುಳು. ಬೇಕಂತಲೇ ಹುಳುವನ್ನ ಹಾಗೆ ಸುತ್ತಿಸೋಕೆ ಸ್ಲೋ ಡೆತ್ ಅನ್ನೋ ಬೇರೆ ಡೊಂಕು ಗಾಳವೇ ಇದೆ.

ತಳಕ್ಕೆ ಒಯ್ಯೋದು ಬಾಟಮ್ ಬೌನ್ಸರ್: ಎಲ್ ಆಕಾರದ ತಂತಿ, ಕಾಲಿನಲ್ಲಿ ಸೀಸ. ಪ್ರತಿ 10 ಅಡಿ ಆಳಕ್ಕೆ 1 ಔನ್ಸ್, ಅಂದರೆ 28 ಗ್ರಾಂ. ಇಲ್ಲಿ 25 ಅಡಿ ಇದೆ, ಎರಡೂವರೆ ಔನ್ಸ್ ಸಿಗದಿದ್ದರೆ 3 ಹಾಕಿ, 2 ಬೇಡ. ದಾರ ನೀರಿಗೆ ಇಳಿಯೋ ಕೋನ 45 ಡಿಗ್ರಿ ಹತ್ತಿರ ಇರಲಿ. ಹಗುರ ಹಾಕಿ ದಾರ ಜಾಸ್ತಿ ಬಿಟ್ಟರೆ ತಂತಿ ಮಲಗಿಬಿಡುತ್ತೆ, ಕಲ್ಲಿಗೆ ಸಿಕ್ಕುತ್ತೆ. ತಂತಿಯ ಕಾಲು ಆಗೊಮ್ಮೆ ಈಗೊಮ್ಮೆ ನೆಲ ಮುಟ್ಟಿ ಟಕ್ ಅಂದರೆ ಸಾಕು. ಮೀನು ತಳ ಬಿಟ್ಟು ನಡುನೀರಲ್ಲಿ ತೇಲ್ತಿದ್ದರೆ ಬೌನ್ಸರ್ ತೆಗೆದು ದಾರದ ಮಧ್ಯೆ ಕೂರೋ ತೂಕ ಹಾಕಬೇಕು.

ರಿಗ್ ಉದ್ದವೂ ನೀರು ನೋಡಿಯೇ. ತಿಳಿನೀರು, ಅಲೆ ಇಲ್ಲ ಅಂದರೆ ಐದಾರಡಿ. ಕಲಕು ನೀರು ಅಥವಾ ಬಂಡೆ ಇದ್ದರೆ ಮೂರಡಿ, ಗಾಳ ಬೌನ್ಸರಿನ ಹಿಂದೆಯೇ ಬಂದು ಕಮ್ಮಿ ಸಿಕ್ಕುತ್ತೆ.

ಈಗ ಬಣ್ಣ, ಬೇಗ ಮುಗಿಸ್ತೀನಿ. ತಿಳಿನೀರು, ಬಿಸಿಲು: ಬೆಳ್ಳಿ. ಚಹಾ ಬಣ್ಣದ ನೀರು: ಬಂಗಾರ, ಸುತ್ತಿಗೆಯಲ್ಲಿ ತಟ್ಟಿದ ಗುರುತಿರೋದು ಇನ್ನೂ ಚೆನ್ನ. ಮಣ್ಣು ಕಲಕಿದ್ದರೆ ಕಿತ್ತಳೆ, ತಾಮ್ರ, ಗಿಳಿಹಸಿರು. ಮೂರು ತಗಡು ಕಿಸೆಯಲ್ಲಿರಲಿ. ಅರ್ಧ ಗಂಟೆ ಏನೂ ಕಚ್ಚದಿದ್ದರೆ ಮೊದಲು ವೇಗ ಬದಲಿಸಿ, ಬಣ್ಣ ಆಮೇಲೆ.

ವೇಗ ಬದಲಿಸೋಕೆ ಚಂದದ ಉಪಾಯ ತಿರುವು. ದೋಣಿ ತಿರುಗುವಾಗ ಹೊರಗಿನ ಗಳ ವೇಗವಾಗುತ್ತೆ, ಒಳಗಿನದು ನಿಧಾನ. ಯಾವ ಗಳ ಬಾಗ್ತು ನೋಡಿಕೊಳ್ಳಿ. ಹೊರಗಿನದಕ್ಕೆ ಮೂರು ಸಲ ಕಚ್ಚಿದರೆ ನೇರ ಹೋಗುವಾಗ ವೇಗ ಏರಿಸಿ. ಮಿನ್ನೆಸೋಟದಲ್ಲಿ ಬೇಸಿಗೆಯ ತೆರೆದ ನೀರಿಗೆ ಒಬ್ಬರಿಗೆ ಒಂದೇ ದಾರ, ಹಾಗಾಗಿ ಹೋಲಿಸೋಕೆ ಜೊತೆಗೊಬ್ಬರು ಬೇಕು. 16 ವರ್ಷ ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ. ಎಷ್ಟು ಮೀನು, ಎಷ್ಟು ಇಂಚು ಅನ್ನೋದು ಕೆರೆಯಿಂದ ಕೆರೆಗೆ, ವರ್ಷದಿಂದ ವರ್ಷಕ್ಕೆ ಬೇರೆ, ಹೊರಡೋ ಮುಂಚೆ ಆ ವರ್ಷದ ನಿಯಮ ಓದಿ.

ಕಚ್ಚಿದಾಗ ಕೈ ಎಳೆಯೋಕೆ ಹೋಗುತ್ತೆ, ತಡೀರಿ. ವಾಲೈ ಮೊದಲು ಬಾಲ ಕಚ್ಚಿ ಹಿಂದೆಯೇ ಈಜುತ್ತೆ. ಗಳದ ತುದಿಯನ್ನ ಹಿಂದಕ್ಕೆ ಬಿಟ್ಟುಕೊಡಿ, ಭಾರ ಪೂರ್ತಿ ಬಂದ ಮೇಲೆ ಒಂದೇ ಸಮ ಮುಂದಕ್ಕೆ ಬೀಸಿ. ಟಿಕ್ ಟಿಕ್ ಟಿಕ್ ಅಂತ ಬಡೀತಿದ್ದರೆ ಅದು ಬಹುಶಃ ಪರ್ಚ್ ಅನ್ನೋ ಚಿಕ್ಕ ಮೀನು, ಹುಳುವಿನ ಬಾಲ ಕತ್ತರಿಸ್ತಿದೆ. ಎತ್ತಿ ಹುಳು ಬದಲಿಸಿ, ಅರೆಬರೆ ಹುಳು ಎಳೀತಾ ಕೂರಬೇಡಿ.

ದಡಕ್ಕೆ ಬಂದ ಮೇಲೆ ದಾರವನ್ನ ಬೆರಳ ನಡುವೆ ಎಳೆದು ನೋಡಿ. ಕ್ಲೆವಿಸ್ ಜಾಗದಲ್ಲಿ ತರಿ ಸಿಕ್ಕರೆ ತಗಡು, ಮಣಿ, ಗಾಳ ಉಳಿಸಿಕೊಂಡು ಹೊಸ ದಾರ ಕಟ್ಟಿ. ಸರಿಯಿರೋದನ್ನ ಈಜುಕೊಳದ ನೂಡಲ್ ಫೋಮಿನ ತುಂಡಿಗೆ ಸುತ್ತಿ, ಗಾಳ ಚುಚ್ಚಿಡಿ, ಸುರುಳಿ ಬೀಳಲ್ಲ. ಉಳಿದ ಎರೆಹುಳುವನ್ನ ಮಾತ್ರ ಮರದ ಬುಡಕ್ಕೆ ಚೆಲ್ಲಬೇಡಿ. ನಮ್ಮ ತೋಟಕ್ಕೆ ಅದು ಮಿತ್ರ, ಮಿನ್ನೆಸೋಟದ ಕಾಡಿಗೆ ಹೊರಗಿನಿಂದ ಬಂದದ್ದು, ಅಲ್ಲಿನ ತರಗೆಲೆ ಹಾಸನ್ನ ತಿಂದು ಸಣ್ಣ ಗಿಡಗಳು ಏಳದ ಹಾಗೆ ಮಾಡುತ್ತೆ. ಡಬ್ಬಿ ಮುಚ್ಚಿ ಕಸದ ತೊಟ್ಟಿಗೆ ಹಾಕಿ.